ತಲಕಾಡುಗೊಂಡ: ಚಿನ್ನದ ನಾಣ್ಯದ ಮೇಲೆ ಕನ್ನಡ ಬರೆಸಿದ ದೊರೆ

ತಲಕಾಡು: ಹೊಯ್ಸಳ ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿ ಉದ್ದ ಇದೆ. ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಬನವಾಸಿ, ಹಾನುಗಲ್ಲು. ಶಾಸನಗಳಲ್ಲಿ ಈ ಬಿರುದಿನ ಮಾಲೆ ಶುರುವಾಗೋದೇ ತಲಕಾಡಿನಿಂದ. ಅವನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಸಿಂಹ, ಇನ್ನೊಂದು ಮುಖದಲ್ಲಿ ತಲಕಾಡುಗೊಂಡ ಅನ್ನೋ ಬಿರುದು. ಅದೂ ಕನ್ನಡ ಅಕ್ಷರದಲ್ಲಿ. ಒಂಬೈನೂರು ವರ್ಷದ ಹಿಂದೆ ಕಾವೇರಿ ದಂಡೆಯ ಈ ಊರಿನ ಹೆಸರು ಹೀಗೆ ವ್ಯಾಪಾರಿಗಳ ಕೈಯಿಂದ ಕೈಗೆ ಓಡಾಡಿತ್ತು.

ಇವತ್ತು ಕೀರ್ತಿನಾರಾಯಣ ದೇವಸ್ಥಾನಕ್ಕೆ ಬರೋರಿಗೆ ಗೈಡುಗಳು ಹೇಳೋ ಕಥೆ ಸರಳ. ಚೋಳರು ಬಂದರು, ತಮಿಳು ತಂದರು. ವಿಷ್ಣುವರ್ಧನ ಅವರನ್ನು ಓಡಿಸಿದ, ಕನ್ನಡ ತಂದ. ಅರ್ಧ ನಿಜ. ಉಳಿದರ್ಧ ತಿಳಿಯೋಕೆ ಅವನ ಬದುಕನ್ನೇ ಸ್ವಲ್ಪ ನೋಡಬೇಕು.

ಹೊಯ್ಸಳರು ಮೂಲತಃ ಮಲೆನಾಡಿನ ನಾಯಕರು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನೋ ಊರು, ಆಗಿನ ಸೊಸೆವೂರು, ಅವರ ಹುಟ್ಟೂರು. ಎರೆಯಂಗ ಮತ್ತು ಏಚಲದೇವಿಗೆ ಮೂವರು ಗಂಡು ಮಕ್ಕಳು: ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ. ನಡುವಿನವನೇ ಮುಂದೆ ವಿಷ್ಣುವರ್ಧನ. ಅಣ್ಣ ತೀರಿಕೊಂಡ ಮೇಲೆ ಸುಮಾರು 1108ರಲ್ಲಿ ಪಟ್ಟಕ್ಕೆ ಬಂದ. ಸ್ವತಂತ್ರ ಚಕ್ರವರ್ತಿ ಏನಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕೈಕೆಳಗಿನ ಮಹಾಮಂಡಲೇಶ್ವರ.

ಆಗ ತಲಕಾಡು ಚೋಳರ ವಶದಲ್ಲಿತ್ತು. ಗಂಗರ ರಾಜಧಾನಿಯಾಗಿದ್ದ ಊರನ್ನು ಸುಮಾರು 1004ರಲ್ಲಿ ರಾಜರಾಜ ಚೋಳನ ಸೈನ್ಯ ಹಿಡಿದಿತ್ತು. ಊರಿಗೆ ರಾಜರಾಜಪುರ ಅಂತ ಹೊಸ ಹೆಸರು ಬಂತು. ದೇವಸ್ಥಾನದ ಕಲ್ಲುಗಳ ಮೇಲೆ ತಮಿಳು ಶಾಸನಗಳು ಬಂದವು. ಅದಕ್ಕೆ ಮೊದಲು ಗಂಗರು ಏನು ಮಾಡ್ತಿದ್ರು? ತಾಮ್ರಪಟಗಳಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಸ್ತಿದ್ರು, ಅಕ್ಷರ ಮಾತ್ರ ಆ ಕಾಲದ ಕನ್ನಡದ್ದು. ಅಂದ್ರೆ ಭಾಷೆ ಒಂದು, ಲಿಪಿ ಇನ್ನೊಂದು. ಆ ಕಾಲಕ್ಕೆ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

1116ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿಗೆ ಮುತ್ತಿಗೆ ಹಾಕಿದ. ಚೋಳರ ಕಡೆಯಿಂದ ಇಲ್ಲಿದ್ದವನು ಅದಿಯಮ. ಚೋಳ ಸಿಂಹಾಸನದಲ್ಲಿ ಆಗ ಕುಲೋತ್ತುಂಗ. ಊರು ಬಿಟ್ಟುಕೊಡು ಅಂದಾಗ ಅದಿಯಮ ಒಪ್ಪಲಿಲ್ಲ, ಯುದ್ಧ ಆಯಿತು, ಸೋತ. ನೂರಾ ಹನ್ನೆರಡು ವರ್ಷದ ಚೋಳರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಗೆದ್ದ ದೊರೆ ವೀರಗಂಗ ಅನ್ನೋ ಬಿರುದನ್ನೂ ಇಟ್ಟುಕೊಂಡ. ಹಳೇ ಗಂಗರ ನಾಡಿಗೆ ತಾನೇ ವಾರಸುದಾರ ಅಂತ ಸಾರೋ ಹೆಸರು ಅದು. ಕೀರ್ತಿನಾರಾಯಣ ದೇವಸ್ಥಾನ ಎದ್ದಿದ್ದು ಆ ಗೆಲುವಿನ ನೆನಪಿಗೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆಗಿದ್ದೂ ಮರುವರ್ಷ, 1117ರಲ್ಲಿ.

ಈಗ ನಾಣ್ಯದ ವಿಷಯ. ತಮಿಳನ್ನು ಕಲ್ಲಿನ ಮೇಲೆ ಅಷ್ಟು ಬರೆಸಿದ ರಾಜರಾಜ ಚೋಳ ತನ್ನ ನಾಣ್ಯದ ಮೇಲೆ ಹೆಸರು ಹಾಕಿಸಿದ್ದು ನಾಗರಿ ಲಿಪಿಯಲ್ಲಿ. ದೂರ ದೂರದ ನಾಡಲ್ಲಿ ಓಡಾಡೋ ದುಡ್ಡಿಗೆ ಅವನು ಆರಿಸಿದ್ದು ಆ ಅಕ್ಷರ. ವಿಜಯನಗರದ ಕೃಷ್ಣದೇವರಾಯ ಕೂಡ ಮುಂದೆ ನಾಗರಿಯನ್ನೇ ಹಾಕಿಸಿದ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಹಣದ ಮೇಲೂ ನಾಗರಿ. ಟಿಪ್ಪು ನಾಣ್ಯ ಪಾರಸಿಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಕನ್ನಡದ ಜೊತೆ ಇಂಗ್ಲಿಷ್. ಈ ಸಾಲಲ್ಲಿ ಇಟ್ಟು ನೋಡಿದಾಗ ವಿಷ್ಣುವರ್ಧನನ ನಾಣ್ಯ ಎದ್ದು ಕಾಣುತ್ತೆ. ಬಿರುದು ಕನ್ನಡದ್ದು, ಅಕ್ಷರವೂ ಕನ್ನಡದ್ದೇ. ಓದು ಬಾರದವನಿಗೆ ಸಿಂಹ, ಓದು ಬರುವವನಿಗೆ ಊರಿನ ಹೆಸರು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಪೇಂಟರ್ ಹುಡುಕಿ ಓಡಾಡಿದವರಿಗೆ ಅಕ್ಷರದ ಜಾಗಕ್ಕೆ ಎಷ್ಟು ಬೆಲೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ತಮಿಳು ಅಕ್ಷರ ಕಂಡ ಕಡೆಯೆಲ್ಲ ಅವನು ಕೆತ್ತಿಸಿ ತೆಗೆಸಿದ ಅನ್ನೋದಕ್ಕೆ ಆಧಾರ ಇಲ್ಲ. ತಲಕಾಡಿನ ಸುತ್ತಮುತ್ತ ಮತ್ತು ಕೋಲಾರದ ಕಡೆ ಹೊಯ್ಸಳರ ಕಾಲದ ತಮಿಳು ಶಾಸನಗಳೂ ಸಿಕ್ಕಿವೆ. ದಾನ ಕೊಟ್ಟವರು, ದೇವಸ್ಥಾನದ ಲೆಕ್ಕ ಬರೆಯೋರು ಓದಬೇಕಲ್ಲ. ದತ್ತಿ ಯಾರಿಗೆ ಸೇರಬೇಕು ಅನ್ನೋದು ಊರಿನವರಿಗೆ ತಿಳಿಯದಿದ್ರೆ ಕಲ್ಲು ನೆಟ್ಟು ಏನು ಪ್ರಯೋಜನ? ಊರು ಗೆದ್ದ ಹೆಮ್ಮೆಯನ್ನ ನಾಣ್ಯದಲ್ಲಿ ಕನ್ನಡದಲ್ಲಿ ಸಾರಿದವನ ಮನೆತನವೇ ಜಮೀನಿನ ವ್ಯವಹಾರಕ್ಕೆ ಜನ ಓದೋ ಅಕ್ಷರವನ್ನ ಬಿಟ್ಟುಕೊಟ್ಟಿತ್ತು.

ಗಂಗರಾಜನೂ ಹಾಗೇ. ಶ್ರವಣಬೆಳಗೊಳದ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನು ಅವನು. ಗೊಮ್ಮಟನ ಪಾದದ ಹತ್ತಿರ ಆ ಸಂಗತಿಯನ್ನು ಕನ್ನಡದಲ್ಲೂ ಬರೆದಿದೆ, ನಾಗರಿ ಲಿಪಿಯ ಮರಾಠಿಯಲ್ಲೂ ಬರೆದಿದೆ. ಮೂರ್ತಿ ಮಾಡಿಸಿದ ಚಾವುಂಡರಾಯನ ಹೆಸರಂತೂ ಅಲ್ಲೇ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ತಮಿಳಿನ ಸಾಲಿನಲ್ಲಿ ಮತ್ತೆ ಎರಡು ಲಿಪಿ: ಗ್ರಂಥ ಮತ್ತು ವಟ್ಟೆಳುತ್ತು. ದೂರದ ಯಾತ್ರಿಕರು ಓದಲಿ ಅಂತಲೇ ಇರಬೇಕು. ತಲಕಾಡಿನಿಂದ ಚೋಳರನ್ನು ಓಡಿಸಿದ ದಂಡನಾಯಕನಿಗೆ ಅಲ್ಲಿದ್ದ ತಮಿಳು ಸಾಲು ಕಣ್ಣಿಗೆ ಚುಚ್ಚಲಿಲ್ಲ.

1118ರಲ್ಲಿ ಇದೇ ಗಂಗರಾಜ ಕನ್ನೆಗಾಲದಲ್ಲಿ ರಾತ್ರಿ ಹೊತ್ತು ದಾಳಿ ಮಾಡಿ ಚಾಲುಕ್ಯರ ಸೈನ್ಯವನ್ನು ಚದುರಿಸಿದ. ಇದನ್ನ ಮರೆಯಬಾರದು. ಚಾಲುಕ್ಯರು ಕನ್ನಡದವರೇ, ಅವರ ಶಾಸನಗಳೂ ಕನ್ನಡದವೇ. ಅವರ ಮೇಲೂ ಕತ್ತಿ ಎತ್ತಿದ ಅಂದ ಮೇಲೆ ವಿಷ್ಣುವರ್ಧನನ ಯುದ್ಧಗಳನ್ನೆಲ್ಲ ಭಾಷೆಯ ಜಗಳ ಅಂತ ಓದೋಕಾಗಲ್ಲ. ಅವನಿಗೆ ಬೇಕಿದ್ದದ್ದು ರಾಜ್ಯ. ಕೊನೆಗೆ ಚಾಲುಕ್ಯರಿಗೆ ತಗ್ಗಲೇಬೇಕಾಯಿತು, ಚಕ್ರವರ್ತಿ ಪಟ್ಟ ಅವನ ಕೈಗೆ ಸಿಗಲಿಲ್ಲ.

ಮನೆಯೊಳಗಿನ ಸಂಗತಿಯೂ ಸರಳವಾಗಿಲ್ಲ. ರಾಣಿ ಶಾಂತಲೆ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬಿಟ್ಟಿದೇವನನ್ನು ವೈಷ್ಣವನಾಗಿ ಮಾಡಿ ವಿಷ್ಣುವರ್ಧನ ಅಂತ ಹೆಸರಿಟ್ಟವರು ರಾಮಾನುಜಾಚಾರ್ಯರು ಅನ್ನೋದು ಪರಂಪರೆಯ ಮಾತು. ಆಚಾರ್ಯರು ಬಂದಿದ್ದು ತಮಿಳುನಾಡಿನಿಂದ, ಅದೂ ಚೋಳ ದೊರೆಯ ಕಿರುಕುಳಕ್ಕೆ ಅಂತಾರೆ. ತೊಂಡನೂರು, ಮೇಲುಕೋಟೆ ಅವರ ನೆಲೆಯಾದವು. ಚೋಳರ ಕೋಟೆ ಕೆಡವಿದವನು ತಮಿಳು ಆಚಾರ್ಯರಿಗೆ ಆಶ್ರಯ ಕೊಟ್ಟ ಅನ್ನೋ ಈ ಕಥೆಯನ್ನ ಜನ ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಆಳ್ವಾರರ ತಮಿಳು ಪ್ರಬಂಧವನ್ನು ಈ ಕಡೆಯ ಶ್ರೀವೈಷ್ಣವರು ಈಗಲೂ ಪಾರಾಯಣ ಮಾಡ್ತಾರೆ. ತಮಿಳು ಲಿಪಿ ಬಾರದವರ ಕೈಯಲ್ಲಿ ಇರೋದು ಕನ್ನಡ ಅಕ್ಷರದಲ್ಲಿ ಅಚ್ಚಾದ ಪುಸ್ತಕ. ಬಾಯಲ್ಲಿ ತಮಿಳು, ಕಣ್ಣಿಗೆ ಕನ್ನಡ. ಅವರನ್ನು ಯಾವ ಪಟ್ಟಿಗೆ ಸೇರಿಸ್ತೀರಿ?

1133ರಲ್ಲಿ ಗಂಗರಾಜ ತೀರಿಕೊಂಡ. ಮಗ ಬೊಪ್ಪ ತಂದೆ ನೆನಪಿಗೆ ಹಳೇಬೀಡಿನಲ್ಲಿ ಬಸದಿ ಕಟ್ಟಿಸಿದ. ಅದರ ಪ್ರಸಾದ ಅರಮನೆಗೆ ಬಂದ ಹೊತ್ತಿಗೇ ಯುದ್ಧ ಗೆದ್ದ ಸುದ್ದಿ, ಗಂಡು ಮಗು ಹುಟ್ಟಿದ ಸುದ್ದಿ ಎರಡೂ ಒಟ್ಟಿಗೆ ಇದ್ದವು. ಸಂತೋಷಪಟ್ಟ ವಿಷ್ಣುವರ್ಧನ ಅಲ್ಲಿನ ದೇವರಿಗೆ ವಿಜಯ ಪಾರ್ಶ್ವ ಅಂತಲೂ, ಮಗನಿಗೆ ವಿಜಯ ನರಸಿಂಹ ಅಂತಲೂ ಹೆಸರಿಟ್ಟ. ವೈಷ್ಣವನಾದ ಮೇಲೆ ಜೈನರನ್ನು ಹಿಂಸಿಸಿದ ಅನ್ನೋ ಕಥೆಗೆ ಈ ಕಲ್ಲೇ ಎದುರು ಸಾಕ್ಷಿ.

ಕೊನೆಯ ವರ್ಷಗಳು ಉತ್ತರದ ಗಡಿಯಲ್ಲೇ ಕಳೆದವು. ಸುಮಾರು 1142ರಲ್ಲಿ ಬಂಕಾಪುರದಲ್ಲಿ ತೀರಿಕೊಂಡ.

ನೂರು ವರ್ಷ ಕಳೆಯೋದರೊಳಗೆ ಅವನ ವಂಶದ ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಹೋಗಿ ನೆಲೆಸಿದ. ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ಮೇಲಿನ ಭಾಗ ಆಳಿದ ಮೂರನೇ ನರಸಿಂಹನ ಕಾಲದಲ್ಲಿ ಇದೇ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಸ್ಥಾನದಲ್ಲಿ ಕನ್ನಡ ಶಾಸನ ನಿಂತಿತು. ತಮಿಳು ನಾಡಿನ ಭಾಗ ಆಳಿದ ರಾಮನಾಥನ ಶಾಸನಗಳು ತಮಿಳಿನಲ್ಲಿ ಬಂದವು. ಇಬ್ಬರೂ ತಲಕಾಡುಗೊಂಡನ ವಂಶದವರೇ.

1894ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟ ತಂದಾಗ ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು ಮೊದಲ ಸಲ ಒಂದೇ ಪುಸ್ತಕದಲ್ಲಿ ಸೇರಿದವು. ಕನ್ನಡದವೂ ಇವೆ, ತಮಿಳಿನವೂ ಇವೆ. ತಲಕಾಡಿನ ಮರಳಿನೊಳಗೆ ಎರಡೂ ಒಟ್ಟಿಗೇ ಬಿದ್ದಿದ್ದವು.