ಹೊಸಬರ ಸದನ ಮತ್ತು ಅದರ ಅರಸು

ಅಂಕಿಅಂಶಗಳೊಡನೆಯೇ ಆಯುಷ್ಯ ಕಳೆದವನಿಗೆ ಕೆಲವು ಸಂಖ್ಯೆಗಳು ಮುಖಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತವೆ. 1972ರ ಮಾರ್ಚ್ ತಿಂಗಳಲ್ಲಿ ಆಯ್ಕೆಯಾದ ಅಂದಿನ ಮೈಸೂರು ರಾಜ್ಯದ ಐದನೆಯ ವಿಧಾನಸಭೆಯ ಲೆಕ್ಕ ನನಗೆ ಅಂಥದು. ಒಟ್ಟು ಸ್ಥಾನಗಳು 216. ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ 165, ಸಂಸ್ಥಾ ಕಾಂಗ್ರೆಸ್ಸಿಗೆ 24, ಪಕ್ಷೇತರರಿಗೆ 20, ಕಮ್ಯುನಿಸ್ಟರಿಗೆ 3, ಸಮಾಜವಾದಿಗಳಿಗೆ 3, ಉಳಿದೊಂದು ಸ್ಥಾನ ಒಂದು ಸಣ್ಣ ಪಕ್ಷಕ್ಕೆ. ಈ 216 ಮಂದಿಯಲ್ಲಿ ಡಿ. ದೇವರಾಜ ಅರಸು ಇರಲಿಲ್ಲ. ಅವರು ಆ ಚುನಾವಣೆಯಲ್ಲಿ ಸ್ಪರ್ಧಿಸಿರಲೇ ಇಲ್ಲ. ಆದರೂ 1972ರ ಮಾರ್ಚ್ 20ರಂದು ಆ ಸದನದ ನಾಯಕರಾಗಿ ಮುಖ್ಯಮಂತ್ರಿ ಪದವಿಯ ಪ್ರಮಾಣವಚನ ಸ್ವೀಕರಿಸಿದವರು ಅವರೇ. ಅದೇ ವರ್ಷ ಉಪಚುನಾವಣೆಯ ಮೂಲಕ ಶಾಸಕರಾದರು.

ಪ್ರತಿ ಆಗಸ್ಟ್ 20ರಂದು ಅರಸು ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಪುನರುಚ್ಚರಿಸಿ ಸಭಿಕರು ಮನೆಗೆ ಹೋಗುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದಾಗ ಅಂಥ ಹಲವು ಸಭೆಗಳ ವ್ಯವಸ್ಥೆಯನ್ನು ನಾನೇ ನೋಡಿಕೊಂಡಿದ್ದೇನೆ. ಆದರೆ ನನ್ನ ಊರು ನಂಜನಗೂಡು ಸೀಮೆಯ ತಾಂಡ್ಯ. ಅಲ್ಲಿ ನನ್ನ ತಾತ ಎರಡೂವರೆ ಎಕರೆ ಹೊಲವನ್ನು ವಾರಕ್ಕೆ ಮಾಡುತ್ತಿದ್ದರು. ಹೀಗಾಗಿ ಅರಸು ನನಗೆ ಭಾವಚಿತ್ರವಾಗಿ ಪರಿಚಯವಾದವರಲ್ಲ, ಏಳನೆಯ ನಮೂನೆ ಎಂಬ ಅರ್ಜಿಯ ರೂಪದಲ್ಲಿ ಪರಿಚಯವಾದವರು.

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ರಾಜಮನೆತನದ ನಂಟಿದ್ದ ಅರಸು ಜನಾಂಗ. ಆದರೆ ಮನೆತನ ಬೇಸಾಯದ್ದು. ಮೈಸೂರಿನ ಅರಸು ವಿದ್ಯಾರ್ಥಿನಿಲಯದಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದು, ಊರಿಗೆ ಹಿಂತಿರುಗಿ ನೇಗಿಲು ಹಿಡಿದರು. ಕುಸ್ತಿಯ ಮೈಕಟ್ಟು, ಪುಸ್ತಕದ ಹುಚ್ಚು, ಮುಂದಿನ ದಿನಗಳಲ್ಲಿ ಬಾಯಲ್ಲೊಂದು ಪೈಪು: ಈ ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಸೇರುವುದು ನಮ್ಮ ಕಡೆ ಅಪರೂಪ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು. ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದರು. ಆದರೂ ಎರಡು ದಶಕಗಳ ಕಾಲ ಅವರು ಹಿಂದಿನ ಸಾಲಿನವರೇ. ಸಂಖ್ಯಾಬಲವಿಲ್ಲದ ಜಾತಿಯಲ್ಲಿ ಹುಟ್ಟಿದವರಿಗೆ ಅಂದಿನ ರಾಜಕಾರಣದಲ್ಲಿ ಅದಕ್ಕಿಂತ ಮುಂದೆ ಸ್ಥಳವಿರಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಬೆನ್ನಿಗೆ ನಿಂತರು. ಅರಸು ಇಂದಿರಾ ಅವರ ಕಡೆ ಹೋದರು. ಆ ಹೊತ್ತಿಗೆ ಅದು ಜೂಜಿನಂತೆಯೇ ಕಂಡಿರಬೇಕು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಪಕ್ಷಕ್ಕೆ ಬಂದವು. ಅದೇ ಮಾರ್ಚ್‌ನಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂತು. ಮುಂದಿನ ವರ್ಷದ ಚುನಾವಣೆಗೆ ಟಿಕೆಟ್ ಹಂಚುವ ಅಧಿಕಾರ ಬಹುಮಟ್ಟಿಗೆ ಅರಸು ಅವರ ಕೈಯಲ್ಲಿತ್ತು. ಅವರ ಜೀವನದ ಅತಿ ದೊಡ್ಡ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಭೂಸುಧಾರಣೆಗಿಂತ ಮೊದಲು ನಾನು ಈ ಪಟ್ಟಿಯನ್ನೇ ಹೆಸರಿಸುತ್ತೇನೆ. ಅದುವರೆಗೆ ವಿಧಾನಸಭೆಯನ್ನು ಎರಡು ಪ್ರಬಲ ಜಾತಿಗಳ ಭೂಮಾಲೀಕ ಕುಟುಂಬಗಳ ಆವರಣವೆಂದೇ ಜನ ಭಾವಿಸಿದ್ದರು. ಅರಸು ಮಾಡಿದ ಪಟ್ಟಿಯಲ್ಲಿ ಹಳ್ಳಿಯ ವಕೀಲರು, ಸಣ್ಣ ಜಾತಿಗಳ ಪದವೀಧರರು, ದಲಿತ ಯುವಕರು ಇದ್ದರು. ಪ್ರಬಲ ಜಾತಿಗಳನ್ನೂ ಅವರು ಪೂರ್ತಿಯಾಗಿ ದೂರವಿಡಲಿಲ್ಲ. ಹಾಗೆ ಇಡುವಷ್ಟು ಅಮಾಯಕರು ಅವರಾಗಿರಲಿಲ್ಲ.

ಆ ಸದನದ ಸದಸ್ಯರ ಪಟ್ಟಿಯನ್ನು ಇಂದು ಓದಿದರೆ ಬೆರಗಾಗುತ್ತದೆ. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ, ಜೇವರ್ಗಿಯಿಂದ ಧರ್ಮಸಿಂಗ್, ಸೋಮವಾರಪೇಟೆಯಿಂದ ಆರ್. ಗುಂಡೂರಾವ್. ಎದುರು ಸಾಲಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು. ಸಮಾಜವಾದಿಗಳ ಮೂರು ಕುರ್ಚಿಗಳಲ್ಲಿ ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪ, ಕೋಣಂದೂರು ಲಿಂಗಪ್ಪ. ಈ ಒಂದೇ ಸದನದ ಸದಸ್ಯರಲ್ಲಿ ಐವರು ಮುಂದೆ ಮುಖ್ಯಮಂತ್ರಿಗಳಾದರು, ಅವರಲ್ಲೊಬ್ಬರು ಪ್ರಧಾನಿಯೂ ಆದರು. ಖರ್ಗೆಯವರು 2022ರಲ್ಲಿ ತಮ್ಮ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದರು.

ಸಭಾಧ್ಯಕ್ಷ ಪೀಠದಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. 1957ರಿಂದ ಗೆದ್ದು ಬರುತ್ತಿದ್ದ ಅನುಭವಸ್ಥೆ. ಆ ಪೀಠವೇರಿದ ಮೊದಲ ಮಹಿಳೆ ಅವರು. ಅವರ ನಂತರ ಇನ್ನೊಬ್ಬ ಮಹಿಳೆ ಆ ಪೀಠಕ್ಕೆ ಬಂದಿಲ್ಲ. ಗುಂಡ್ಲುಪೇಟೆ ಆಗ ನಮ್ಮದೇ ಮೈಸೂರು ಜಿಲ್ಲೆಗೆ ಸೇರಿತ್ತು, ನಂಜನಗೂಡಿನಿಂದ ಊಟಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಊರು. ಗಂಡಸರೆಲ್ಲ ಎದ್ದು ನಿಂತು ಅಪ್ಪಣೆ ಕೇಳಿಯೇ ಮಾತಾಡಬೇಕಂತೆ ಎಂಬ ಸುದ್ದಿ ನಮ್ಮ ಕೇರಿಯ ಹೆಂಗಸರಿಗೆ ಬಹಳ ದಿನ ಹಿಡಿಸಿತ್ತು.

ಆ ಸದನ 1973ರ ನವೆಂಬರ್ 1ರಂದು ಕರ್ನಾಟಕ ವಿಧಾನಸಭೆಯಾಯಿತು. ಅದಕ್ಕೂ ಮುಂಚೆ, 1972ರಲ್ಲಿ, ಅರಸು ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದ್ದರು. 1975ರ ನವೆಂಬರ್‌ನಲ್ಲಿ ಬಂದ ಅದರ ವರದಿಯನ್ನು ನಾನು ಎಂ.ಎ. ಓದುವಾಗ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಕಂಡೆ. ಹೆಸರನ್ನೇ ಕೇಳಿರದ ಜಾತಿಗಳ ವಿದ್ಯಾಭ್ಯಾಸ, ನೌಕರಿಗಳ ಲೆಕ್ಕ ಅದರಲ್ಲಿತ್ತು. ಮೀಸಲಾತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸಮಾಜವನ್ನು ಊಹೆಯಿಂದಲ್ಲದೆ ಎಣಿಕೆಯಿಂದ ತಿಳಿಯುವ ಯತ್ನ ಅದು. ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಷ್ಟೇ ಸಾಕಾಗಿತ್ತು.

ಇನ್ನು ಭೂಸುಧಾರಣೆ. 1961ರ ಕಾಯಿದೆ ಇದ್ದೇ ಇತ್ತು. ಅದರ ತುಂಬ ರಂಧ್ರಗಳಿದ್ದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ಗೇಣಿ ಭೂಮಿಯನ್ನೆಲ್ಲ ಆ ದಿನದಿಂದಲೇ ಸರ್ಕಾರಕ್ಕೆ ಸೇರಿಸಿತು. ಗೇಣಿದಾರ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕು. ಇತ್ಯರ್ಥಕ್ಕೆ ತಾಲ್ಲೂಕಿಗೊಂದು ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರನ್ನು ಹೊರಗಿಟ್ಟದ್ದು ಈ ಏರ್ಪಾಟಿನ ಜಾಣತನ. ಐದು ಜನರ ಕುಟುಂಬಕ್ಕೆ ಹತ್ತು ಯೂನಿಟ್ ಮಿತಿ: ಉತ್ತಮ ನೀರಾವರಿಯಾದರೆ 10 ಎಕರೆ, ಖುಷ್ಕಿಯಾದರೆ 54 ಎಕರೆ. ರಾಜ್ಯದಲ್ಲಿ ಬಂದ ಅರ್ಜಿಗಳು ಸುಮಾರು ಎಂಟು ಲಕ್ಷ.

ಆ ಎಂಟು ಲಕ್ಷದಲ್ಲಿ ನಮ್ಮ ತಾತನ ಅರ್ಜಿ ಇರಲಿಲ್ಲ.

ಹೊಲದ ಒಡತಿ ಮೈಸೂರಿನಲ್ಲಿದ್ದ ವಿಧವೆ. ಮಕ್ಕಳಿರಲಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಾದ ಮೇಲೆ ತಾತ ಗಾಡಿಯಲ್ಲಿ ರಾಗಿ, ಹುರುಳಿ ಹೇರಿಕೊಂಡು ಹೋಗಿ ಆಕೆಯ ಪಾಲನ್ನು ಅಳೆದು ಕೊಟ್ಟು ಬರುತ್ತಿದ್ದರು. ಅದೊಂದೇ ಆಕೆಯ ಆದಾಯ. 1974ರಲ್ಲಿ ನಾನು ಮಾಧ್ಯಮಿಕ ಶಾಲೆಯ ಹುಡುಗ. ಪಕ್ಕದ ಮನೆಯವರು ತಮ್ಮ ಗೇಣಿ ಹೊಲಕ್ಕೆ ಏಳನೆಯ ನಮೂನೆ ತುಂಬಿಸಿಕೊಂಡು ಬಂದ ದಿನ ನಮ್ಮಪ್ಪ ತಾತನ ಮುಂದೆ ಅದೇ ನಮೂನೆಯ ಖಾಲಿ ಪ್ರತಿಯೊಂದನ್ನು ಇಟ್ಟರು. ತಾತ ಹೆಬ್ಬೆಟ್ಟು ಒತ್ತಲಿಲ್ಲ. ಅನ್ನ ಕೊಟ್ಟ ಮನೆಗೆ ಎರಡು ಬಗೆಯುವುದು ಅವರಿಂದ ಆಗದ ಕೆಲಸ. ಅಪ್ಪ, ತಾತ ಒಂದೇ ಹಜಾರದಲ್ಲಿ ಉಂಡರೂ ಎಷ್ಟೋ ತಿಂಗಳು ಮಾತಾಡಲಿಲ್ಲ. ಅರ್ಜಿಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಬಂತು. ಅಷ್ಟರಲ್ಲಿ ತಾತ ತೀರಿಕೊಂಡಿದ್ದರು. ಮಾತಿನ ಮೇಲೆ ನಡೆದ ಗೇಣಿಯಾದ್ದರಿಂದ ಪಹಣಿಯಲ್ಲಿ ನಮ್ಮ ಹೆಸರಿರಲಿಲ್ಲ. ಅಪ್ಪ ಆಸೆ ಬಿಟ್ಟರು.

ಬಹಳ ವರ್ಷ ಇದನ್ನು ನಮ್ಮ ಮನೆಯೊಂದರ ವಿಚಿತ್ರ ಎಂದುಕೊಂಡಿದ್ದೆ. ಕಂದಾಯ ಇಲಾಖೆಯ ಕಡತಗಳನ್ನು ನೋಡತೊಡಗಿದ ಮೇಲೆ ಹಾಗಲ್ಲವೆಂದು ತಿಳಿಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಗೇಣಿ ವ್ಯಾಪಕವಾಗಿತ್ತು, ಚೀಟಿ ರಸೀದಿಗಳಿದ್ದವು, ರೈತ ಸಂಘಟನೆ ಇತ್ತು. 1951ರ ಕಾಗೋಡು ಸತ್ಯಾಗ್ರಹದ ನೆನಪು ಹಸಿಯಾಗಿತ್ತು. ಅಲ್ಲಿ ಕಾನೂನು ಊರಿಗೆ ಊರನ್ನೇ ಬದಲಾಯಿಸಿತು. ಹಳೇ ಮೈಸೂರಿನ ಬಯಲಿನಲ್ಲಿ ಗೇಣಿ ಕಡಿಮೆ, ಇದ್ದದ್ದೂ ಬಾಯಿಮಾತಿನದು. ಭೂಮಿಯೇ ಇಲ್ಲದ ಕೂಲಿಯವನಿಗಂತೂ ಈ ಕಾಯಿದೆಯಿಂದ ದಕ್ಕಿದ್ದು ಅಲ್ಪ. ಮಿತಿ ಮೀರಿದ ಭೂಮಿಯ ಹಂಚಿಕೆ ಕುಂಟುತ್ತಲೇ ಸಾಗಿತು. ತಾತನ ಒಡತಿಯಂಥ ಸಣ್ಣ ಹಿಡುವಳಿಯ ವಿಧವೆಯರಿಗೆ ಕಾಯಿದೆಯಲ್ಲಿ ಬೇರೆ ದಾರಿ ಇರಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗೆಂದು ಅರಸು ಮಾಡಿದ್ದು ಸಣ್ಣ ಕೆಲಸವಲ್ಲ. ಭೂಮಾಲೀಕರೇ ತುಂಬಿರುತ್ತಿದ್ದ ಸದನವೊಂದು ಭೂಮಾಲೀಕತ್ವದ ವಿರುದ್ಧ ಕೈಯೆತ್ತಬೇಕಾದರೆ ಮೊದಲು ಸದನದ ಮುಖಗಳೇ ಬದಲಾಗಬೇಕು. ಅವರು ಆ ಕ್ರಮವನ್ನು ಅರಿತಿದ್ದರು. ಜೀತ ವಿಮುಕ್ತಿ, ಋಣ ಪರಿಹಾರ, ನಿವೇಶನ ಹಂಚಿಕೆ, ನಿರುದ್ಯೋಗಿ ಪದವೀಧರರಿಗೆ ಸ್ಟೈಪೆಂಡ್ ಬೆನ್ನಲ್ಲೇ ಬಂದವು.

ಅವರ ಕಾಲವನ್ನು ಹೊಗಳುವವರು ಎರಡು ಸಂಗತಿಗಳನ್ನು ದಾಟಿ ಹೋಗುತ್ತಾರೆ. ಮಲ ಹೊರುವ ಪದ್ಧತಿಗೆ ತಡೆ ಹಾಕಿದ ಮಂತ್ರಿ ಬಿ. ಬಸವಲಿಂಗಪ್ಪ 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಕುರಿತು ಆಡಿದ ಮಾತಿನಿಂದ ಬೂಸಾ ಗಲಭೆ ಎದ್ದಿತು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಹೊಸಬರ ಸರ್ಕಾರ ಹೊಸಬರಲ್ಲಿ ಅತ್ಯಂತ ದಿಟ್ಟನಾದವನನ್ನು ಉಳಿಸಿಕೊಳ್ಳಲಿಲ್ಲ. ಎರಡನೆಯದು ತುರ್ತು ಪರಿಸ್ಥಿತಿ. ವಿರೋಧ ಪಕ್ಷದ ನಾಯಕರೇ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅದೇ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಬೇರೆ ರಾಜ್ಯಗಳಿಗಿಂತ ಇಲ್ಲಿ ಬಿಗಿ ಕಡಿಮೆಯಿತ್ತೆಂಬ ಸಮಾಧಾನ ಆ ಸಾವಿನ ಮುಂದೆ ನಿಲ್ಲುವುದಿಲ್ಲ. ಬಡವರ ಪರ ಆಜ್ಞೆಗಳು ಬೇಗ ಜಾರಿಯಾಗಲು ಆ ಬಿಗಿಯೂ ಒಂದು ಕಾರಣ ಎಂಬುದು ಆಡಳಿತದಲ್ಲಿದ್ದವರೆಲ್ಲರಿಗೂ ಗೊತ್ತಿದ್ದ ಗುಟ್ಟು.

ಸಂವಿಧಾನದ 42ನೆಯ ತಿದ್ದುಪಡಿ ವಿಧಾನಸಭೆಯ ಅವಧಿಯನ್ನು ಆರು ವರ್ಷಕ್ಕೆ ಏರಿಸಿದ್ದರಿಂದ ಆ ಸದನ 1977ರಲ್ಲೂ ಮುಂದುವರಿಯಿತು. ದೆಹಲಿಯಲ್ಲಿ ಜನತಾ ಸರ್ಕಾರ ಬಂದು ಅರಸು ಮೇಲಿನ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು. ತಮ್ಮ ಕೆಂಪರಾಜ ಅರಸು ಅವರ ನೇಮಕವೂ ಸೇರಿ ಕೆಲವು ಆರೋಪಗಳು ಸಾಬೀತಾದವೆಂದು ಆಯೋಗ ಹೇಳಿತು. 1977ರ ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಬಂದು ಸದನ ವಿಸರ್ಜನೆಯಾಯಿತು. ಎರಡು ತಿಂಗಳಲ್ಲಿ ಮತದಾರರು 224ರಲ್ಲಿ 149 ಸ್ಥಾನ ಕೊಟ್ಟು ಅವರನ್ನೇ ಮರಳಿ ತಂದರು. ಆಯೋಗದ ತೀರ್ಪಿಗೂ ಮತಪೆಟ್ಟಿಗೆಯ ತೀರ್ಪಿಗೂ ಇದ್ದ ಈ ಅಂತರ ನನ್ನನ್ನು ಅಂದೂ ಗೊಂದಲಕ್ಕೀಡು ಮಾಡಿತ್ತು, ಇಂದೂ ಮಾಡುತ್ತದೆ.

ಉಳಿದ ಕಥೆ ಚಿಕ್ಕದು. 1978ರಲ್ಲಿ ಇಂದಿರಾ ಅವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿದ ಅರಸು, ಮರುವರ್ಷವೇ ಅವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಅವರಿಗೆ ಹೋದವು. ಶಾಸಕರು ಸಾಲುಸಾಲಾಗಿ ಪಕ್ಷ ಬದಲಿಸಿದರು. ಐದನೆಯ ಸದನಕ್ಕೆ ಹೊಸಬರಾಗಿ ಬಂದಿದ್ದ ಗುಂಡೂರಾವ್ ಮುಖ್ಯಮಂತ್ರಿಯಾದರು. ನಮ್ಮ ಕೇರಿಯಲ್ಲಿ ಅರಸು ಕಾಲದ ಹೊಲ, ನಿವೇಶನ ಪಡೆದವರ ಓಟುಗಳೂ ಇಂದಿರಮ್ಮನಿಗೇ ಬಿದ್ದವು. ನಮ್ಮಪ್ಪನದೂ ಅಷ್ಟೆ. 1982ರ ಜೂನ್ 6ರಂದು ಅರಸು ತೀರಿಕೊಂಡಾಗ ಅವರಿಗೆ 66 ವರ್ಷ. ನಾನಾಗ ಎಂ.ಎ. ವಿದ್ಯಾರ್ಥಿ. ರೇಡಿಯೊದಲ್ಲಿ ಸುದ್ದಿ ಕೇಳಿದ ಅಪ್ಪ ಅಂದು ಹೊಲದ ಕಡೆ ಹೋಗಲಿಲ್ಲ. ಹೋಗಲು ನಮಗೆ ಹೊಲವೂ ಇರಲಿಲ್ಲ, ಬೇರೆಯವರದಕ್ಕೆ ಕೂಲಿಗೆ ಹೋಗಬೇಕಿತ್ತು.

ತಾಂಡ್ಯದ ಸುತ್ತಮುತ್ತ ಈಗ ಕೈಗಾರಿಕಾ ಪ್ರದೇಶ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೊಂದು ತಿದ್ದುಪಡಿ ಬಂದು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ನಮ್ಮ ಊರಿನ ಮಟ್ಟಿಗೆ ಆ ಚರ್ಚೆ ತಡವಾಗಿ ಬಂತು, ಹೊಲಗಳು ಅಷ್ಟರಲ್ಲೇ ಕಾರ್ಖಾನೆಗಳ ಕಾಂಪೌಂಡಿನೊಳಗೆ ಸೇರಿದ್ದವು. ಭೂಸ್ವಾಧೀನವಾದಾಗ ಪಕ್ಕದ ಮನೆಯವರಿಗೆ ಪರಿಹಾರದ ಚೆಕ್ಕು ಬಂತು. ಅವರ ಬಳಿ 1974ರ ಅರ್ಜಿಯಿಂದ ಬಂದ ಹಕ್ಕುಪತ್ರವಿತ್ತು. ತಾತ ಉತ್ತ ಎರಡೂವರೆ ಎಕರೆಯ ಪರಿಹಾರ ಒಡತಿಯ ದೂರದ ಬಂಧುಗಳಿಗೆ ಹೋಯಿತು. ನನ್ನ ತಮ್ಮ ಅದೇ ಸರ್ವೆ ನಂಬರಿನಲ್ಲಿ ಎದ್ದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರನಾಗಿ ಸೇರಿದ. ಅಪ್ಪ ಇಟ್ಟಿದ್ದ ಖಾಲಿ ನಮೂನೆ ಈಗಲೂ ಮನೆಯ ಟ್ರಂಕಿನಲ್ಲಿದೆ, ತಾತನ ರೇಷನ್ ಕಾರ್ಡಿನ ಜೊತೆಗೆ.