ರಾಯಭಾರಿ ಇಬ್ನ್ ಖಲ್ದೂನ್

ಭೂಪಟವನ್ನು ಬಿಡಿಸಿದರೆ ದೇಶದೇಶಗಳ ನಡುವೆ ಎಳೆದ ಗೆರೆಗಳು ಕಣ್ಣಿಗೆ ಬೀಳುತ್ತವೆ. ಒಂದು ರಾಜ್ಯದ ಎಲ್ಲೆ ಅಲ್ಲಿಯೇ ಏಕೆ ನಿಂತಿತು, ಇನ್ನೂ ಹತ್ತು ಹರದಾರಿ ಮುಂದಕ್ಕೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಆರು ನೂರು ವರ್ಷಗಳಿಗೂ ಹಿಂದೆ ಒಬ್ಬ ವಿದ್ವಾಂಸನು ಕೇಳಿಕೊಂಡನು. ಅವನೇ ಇಬ್ನ್ ಖಲ್ದೂನ್. ಅರಮನೆ, ಸೆರೆಮನೆ, ರಾಯಭಾರಗಳಲ್ಲಿ ಕಳೆದ ಬದುಕೇ ಅವನಿಗೆ ಉತ್ತರವನ್ನು ಕಲಿಸಿತು.

ಅವನು ಕ್ರಿ.ಶ. 1332ರಲ್ಲಿ ಉತ್ತರ ಆಫ್ರಿಕದ ಟ್ಯೂನಿಸ್ ನಗರದಲ್ಲಿ ಜನಿಸಿದನು. ಅವನ ಪೂರ್ವಿಕರು ಸ್ಪೇನಿನ ಸೆವಿಲ್ ನಗರದಲ್ಲಿ ಬಾಳಿದ ಗಣ್ಯರು. 1248ರಲ್ಲಿ ಆ ನಗರವು ಕ್ರೈಸ್ತ ಅರಸನ ವಶವಾಗುವ ಮೊದಲೇ ಅವರು ಕಡಲು ದಾಟಿ ಬಂದಿದ್ದರು. 1348-49ರಲ್ಲಿ ಹಬ್ಬಿದ ಪ್ಲೇಗು ಮಾರಿಗೆ ಅವನ ತಂದೆತಾಯಿಗಳು ಬಲಿಯಾದರು. ತಬ್ಬಲಿಯಾದ ತರುಣನು ವಿದ್ಯೆಯನ್ನೇ ನಂಬಿ ರಾಜಸೇವೆಗೆ ಸೇರಿದನು. ಮೊರಾಕೊದ ಫೆಜ್ ನಗರದಲ್ಲಿ ಅರಸನ ಸಂಶಯಕ್ಕೆ ಗುರಿಯಾಗಿ ಸುಮಾರು ಎರಡು ವರ್ಷ ಸೆರೆವಾಸವನ್ನೂ ಅನುಭವಿಸಿದನು.

ಮುಂದೆ ಸ್ಪೇನಿನಲ್ಲಿದ್ದ ಗ್ರನಾಡದ ಸುಲ್ತಾನನು ಅವನಿಗೆ ಆಶ್ರಯವಿತ್ತನು. ನೆರೆಯ ಕ್ಯಾಸ್ಟೀಲಿನ ಕ್ರೈಸ್ತ ದೊರೆ ಪೆದ್ರೋ ಬಲಿಷ್ಠನಾಗಿದ್ದನು. ಅವನೊಡನೆ ಶಾಂತಿಯ ಒಪ್ಪಂದವನ್ನು ಸ್ಥಿರಪಡಿಸಲು 1364ರಲ್ಲಿ ಇಬ್ನ್ ಖಲ್ದೂನನು ರಾಯಭಾರಿಯಾಗಿ ಸೆವಿಲ್‌ಗೆ ತೆರಳಿದನು. ತನ್ನ ಹಿರಿಯರು ಬಾಳಿದ ಊರನ್ನು ಅವನು ಪರರಾಜ್ಯದ ಅತಿಥಿಯಾಗಿ ಕಂಡನು. ತನ್ನ ಬಳಿಯಲ್ಲಿಯೇ ಉಳಿದರೆ ಪೂರ್ವಿಕರ ಆಸ್ತಿಯನ್ನೆಲ್ಲ ಮರಳಿಸುವುದಾಗಿ ಪೆದ್ರೋ ಹೇಳಿದನು. ಇಬ್ನ್ ಖಲ್ದೂನನು ವಿನಯದಿಂದಲೇ ಅದನ್ನು ನಿರಾಕರಿಸಿ, ತನ್ನನ್ನು ಕಳುಹಿಸಿದ ಸುಲ್ತಾನನಲ್ಲಿಗೆ ಹಿಂದಿರುಗಿದನು.

ಅರಸರ ಒಲವು ಮುನಿಸುಗಳಿಂದ ಬೇಸತ್ತು 1375ರಲ್ಲಿ ಅವನು ಇಂದಿನ ಅಲ್ಜೀರಿಯ ದೇಶದ ಒಂದು ಒಂಟಿ ಕೋಟೆಯಲ್ಲಿ ನೆಲಸಿದನು. 1377ರಲ್ಲಿ ಅಲ್ಲಿಯೇ ತನ್ನ ಹೆಸರಾಂತ ಗ್ರಂಥ ‘ಮುಕದ್ದಿಮ’ವನ್ನು ರಚಿಸಿದನು. ರಾಜ್ಯಗಳನ್ನು ಕಟ್ಟುವುದು ಜನರ ಒಗ್ಗಟ್ಟು ಎಂಬುದು ಅದರ ತಿರುಳು. ಒಂದು ರಾಜ್ಯವು ಎಷ್ಟು ಜನರನ್ನು ಗಡಿ ಕಾಯಲು ನಿಲ್ಲಿಸಬಲ್ಲುದೋ ಅಷ್ಟೇ ನೆಲವು ಅದರದು. ಅದಕ್ಕಿಂತ ಹೆಚ್ಚು ನೆಲವನ್ನು ಬಯಸಿದರೆ ಗಡಿಯು ಕಾವಲಿಲ್ಲದೆ ಹಗೆಗಳ ಪಾಲಾಗುತ್ತದೆ. ದೀಪದ ಬೆಳಕು ದೂರ ಸರಿದಂತೆ ಮಂಕಾಗುವ ಹಾಗೆ, ಪ್ರಭುತ್ವದ ಬಲವೂ ರಾಜಧಾನಿಯಿಂದ ದೂರವಾದಂತೆ ಕುಂದುತ್ತದೆ. ಮುಪ್ಪಡಸಿದ ರಾಜ್ಯವು ಅಂಚಿನಿಂದಲೇ ಸವೆಯತೊಡಗುತ್ತದೆ ಎಂದು ಅವನು ವಿವರಿಸಿದನು.

1382ರಲ್ಲಿ ಅವನು ಈಜಿಪ್ಟಿಗೆ ಹೊರಟುಹೋದನು. 1384ರಲ್ಲಿ ಕೈರೋ ನಗರದಲ್ಲಿ ಮುಖ್ಯ ನ್ಯಾಯಾಧೀಶನ ಪದವಿ ದೊರೆಯಿತು. ಆದರೆ ಅದೇ ವರ್ಷ, ಅವನನ್ನು ಸೇರಲು ಬರುತ್ತಿದ್ದ ಕುಟುಂಬದವರನ್ನು ಹೊತ್ತ ಹಡಗು ಕಡಲಿನಲ್ಲಿ ಮುಳುಗಿತು. ಆ ದುಃಖವನ್ನು ನುಂಗಿಕೊಂಡು ಅವನು ಬಾಳನ್ನು ಸಾಗಿಸಿದನು.

1398ರಲ್ಲಿ ದೆಹಲಿಯನ್ನು ಸೂರೆಗೈದ ತೈಮೂರನು 1400ರ ಕೊನೆಗೆ ಸಿರಿಯದ ದಮಸ್ಕಸ್ ನಗರವನ್ನು ಮುತ್ತಿದನು. ನಗರದ ರಕ್ಷಣೆಗೆ ಹೊರಟ ಈಜಿಪ್ಟಿನ ಎಳೆಯ ಸುಲ್ತಾನನೊಡನೆ ಇಬ್ನ್ ಖಲ್ದೂನನೂ ಹೋಗಬೇಕಾಯಿತು. ರಾಜಧಾನಿಯಲ್ಲಿ ಪಿತೂರಿ ನಡೆದಿದೆಯೆಂಬ ಸುದ್ದಿಗೆ ಸುಲ್ತಾನನು ಅವಸರದಿಂದ ಕೈರೋಗೆ ಹಿಂದಿರುಗಿದನು. ವೃದ್ಧ ವಿದ್ವಾಂಸನು ದಮಸ್ಕಸ್‌ನಲ್ಲಿಯೇ ಉಳಿದನು. ಶರಣಾಗಬೇಕೋ ಬೇಡವೋ ಎಂದು ಊರಿನವರಲ್ಲಿಯೇ ಕಲಹ ಹುಟ್ಟಿತು. 1401ರ ಜನವರಿಯಲ್ಲಿ, ಅರವತ್ತೆಂಟರ ಆ ಮುದುಕನು ಕೋಟೆಯ ಗೋಡೆಯಿಂದ ಹಗ್ಗ ಹಿಡಿದು ಇಳಿದು ತೈಮೂರನ ಬಿಡಾರಕ್ಕೆ ನಡೆದನು.

ತೈಮೂರನು ಅವನನ್ನು ಆದರದಿಂದ ಕಂಡು, ಉತ್ತರ ಆಫ್ರಿಕದ ನಾಡುಗಳ ವಿವರವನ್ನು ಕಣ್ಣಿಗೆ ಕಟ್ಟುವಂತೆ ಬರೆದುಕೊಡಲು ಆಜ್ಞಾಪಿಸಿದನು. ದಿಗ್ವಿಜಯಿಯ ಕೈಯಲ್ಲಿ ಅಂತಹ ಬರಹವು ದಾರಿ ತೋರುವ ದೀವಿಗೆಯಾಗಬಹುದಿತ್ತು. ಆದರೂ ಇಬ್ನ್ ಖಲ್ದೂನನು ಬರೆದುಕೊಟ್ಟನು. ಸುಲ್ತಾನನು ಬಿಟ್ಟುಹೋಗಿದ್ದ ಲಿಪಿಕಾರರು, ಅಧಿಕಾರಿಗಳು ಮೊದಲಾದವರಿಗೆ ಅಭಯಪತ್ರವನ್ನು ಬೇಡಿ ಪಡೆದನು. ಆದರೆ ನಗರವು ಉಳಿಯಲಿಲ್ಲ. ತೈಮೂರನ ಸೈನಿಕರು ದಮಸ್ಕಸ್ಸನ್ನು ಸೂರೆಮಾಡಿದರು. ಪುರಾತನವಾದ ಉಮಯ್ಯದ್ ಮಸೀದಿಯೂ ಬೆಂಕಿಗೆ ತುತ್ತಾಯಿತು.

ಕೈರೋಗೆ ಮರಳಿದ ಮೇಲೆ ಅವನು ತನ್ನ ಹುಟ್ಟುನಾಡಿನ ಕಡೆಯ ಅರಸನೊಬ್ಬನಿಗೆ ಪತ್ರ ಬರೆದು ತೈಮೂರನ ಬಲವೆಷ್ಟೆಂಬುದನ್ನು ತಿಳಿಸಿದನು. ತೈಮೂರನು ಅವನಿಂದ ಒಂದು ಹೇಸರಗತ್ತೆಯನ್ನು ಪಡೆದಿದ್ದನು. ಅದರ ಬೆಲೆಯು ಬಳಿಕ ಕೈರೋಗೆ ಬಂದಿತು. ಸುಲ್ತಾನನ ಅನುಮತಿ ದೊರೆಯುವವರೆಗೆ ಇಬ್ನ್ ಖಲ್ದೂನನು ಆ ಹಣವನ್ನು ಮುಟ್ಟಲಿಲ್ಲ. 1406ರಲ್ಲಿ ಅವನು ಕೈರೋದಲ್ಲಿಯೇ ತೀರಿಕೊಂಡನು.

ಅವನು ಆ ವಿವರವನ್ನು ಬರೆದುಕೊಟ್ಟದ್ದು ಸರಿಯೇ ಎಂದು ನಾವು ಕೇಳಬಹುದು. ಕತ್ತಿಯಿಲ್ಲದವನು ಕತ್ತಿಯಿದ್ದವನ ಮುಂದೆ ನಿಂತು ಕೆಲವರ ಪ್ರಾಣವನ್ನಾದರೂ ಉಳಿಸಿದನೆಂಬುದನ್ನು ಮಾತ್ರ ಮರೆಯಲಾಗದು. ಅವನು ಸೇವಿಸಿದ ರಾಜ್ಯಗಳೆಲ್ಲ ಅಳಿದವು. ತೈಮೂರನ ವಿಶಾಲ ಸಾಮ್ರಾಜ್ಯವೂ ಅವನ ಮರಣದ ನಂತರ ಬಹುಕಾಲ ಒಂದಾಗಿ ಉಳಿಯಲಿಲ್ಲ. ನೆಲವನ್ನು ಗೆಲ್ಲುವುದು ಬೇರೆ, ಉಳಿಸಿಕೊಳ್ಳುವುದು ಬೇರೆ ಎಂದು ಒಂಟಿ ಕೋಟೆಯಲ್ಲಿ ಕುಳಿತು ಬರೆದ ಗ್ರಂಥವನ್ನು ಮಾತ್ರ ಜನರು ಇಂದಿಗೂ ಓದುತ್ತಿದ್ದಾರೆ.