1969: ಒಂದೇ ವರ್ಷ, ಮೂರು ಸಿನಿಮಾ, ಒಬ್ಬ ಪುಟ್ಟಣ್ಣ

1969ರ ಸಿನಿಮಾ ಎಂದರೆ ನಿಮಗೆ ಮೊದಲು ನೆನಪಾಗುವುದು ಯಾವುದು? ಮುಂಬೈ, ದೆಹಲಿಯಲ್ಲಿ ಬೆಳೆದವರಾದರೆ ಬಹುಶಃ ಆರಾಧನಾ. ರಾಜೇಶ್ ಖನ್ನಾ ಎಂಬ ಸೂಪರ್ ಸ್ಟಾರ್ ಹುಟ್ಟಿದ್ದೇ ಆ ಚಿತ್ರದಿಂದ. ಸ್ವಲ್ಪ ಗಂಭೀರ ಸಿನಿಮಾ ನೋಡುವವರು ಮೃಣಾಲ್ ಸೇನ್ ಅವರ ಭುವನ್ ಶೋಮ್ ಹೆಸರು ಹೇಳುತ್ತಾರೆ. ಚೆನ್ನೈನವರು ಕೆ. ಬಾಲಚಂದರ್ ಅವರ ಇರು ಕೋಡುಗಳ್ ನೆನೆಯಬಹುದು.

ಕನ್ನಡಿಗರಿಗೆ ಮಾತ್ರ 1969 ಎಂದರೆ ಗೆಜ್ಜೆಪೂಜೆ.

ಆ ಸಾಲಿನ ರಾಷ್ಟ್ರ ಪ್ರಶಸ್ತಿಗಳ ಪಟ್ಟಿ ಒಮ್ಮೆ ನೋಡಿ. ಅತ್ಯುತ್ತಮ ಚಿತ್ರ ಭುವನ್ ಶೋಮ್, ಅತ್ಯುತ್ತಮ ನಟ ಉತ್ಪಲ್ ದತ್, ಆರಾಧನಾ ಚಿತ್ರದ ಗಾಯನಕ್ಕಾಗಿ ಎಸ್.ಡಿ. ಬರ್ಮನ್. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾಗಿದ್ದೂ ಆಗಲೇ. ಅದರ ಮೊದಲ ಪುರಸ್ಕೃತೆ, ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದ ದೇವಿಕಾ ರಾಣಿ. ಅದೇ ಪಟ್ಟಿಯಲ್ಲಿ ಇಡೀ ದೇಶದ ಅತ್ಯುತ್ತಮ ಚಿತ್ರಕಥೆಗಾರ ಎಂಬ ಗೌರವ ಸಿಕ್ಕಿದ್ದು ಮೈಸೂರು ಜಿಲ್ಲೆಯ ಒಂದು ಸಣ್ಣ ಹಳ್ಳಿಯಿಂದ ಬಂದ 36 ವರ್ಷದ ಕನ್ನಡ ನಿರ್ದೇಶಕನಿಗೆ. ಚಿತ್ರ ಗೆಜ್ಜೆಪೂಜೆ. ಹೆಸರು ಪುಟ್ಟಣ್ಣ ಕಣಗಾಲ್.

ಪುಟ್ಟಣ್ಣ ತೀರಿಕೊಂಡು 4 ದಶಕಗಳೇ ಕಳೆದಿವೆ. ನನ್ನ ವಯಸ್ಸಿನವರು ಅವರ ಯಾವ ಸಿನಿಮಾವನ್ನೂ ಥಿಯೇಟರಿನಲ್ಲಿ, ಬಿಡುಗಡೆಯ ಕಾಲದಲ್ಲಿ ನೋಡಿದವರಲ್ಲ. ಟೀವಿಯಲ್ಲಿ ಮಧ್ಯಾಹ್ನದ ಹೊತ್ತು ಅಮ್ಮನ ಪಕ್ಕ ಕೂತು ನೋಡಿದವರು, ಇಲ್ಲವೇ ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿದವರು. ಹಾಗೆ ನೋಡಿದರೂ ಗೆಜ್ಜೆಪೂಜೆ ಎದೆಗೆ ನಾಟುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಪುಟ್ಟಣ್ಣ ಎಲ್ಲಿಂದ ಬಂದರು ಎಂಬುದನ್ನು ನೋಡಬೇಕು.

ಕಣಗಾಲಿನಿಂದ ಕೋಡಂಬಾಕ್ಕಂಗೆ

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರ ಡಿಸೆಂಬರ್ 1ರಂದು ಹುಟ್ಟಿದ ಹುಡುಗನಿಗೆ ಮನೆಯವರು ಇಟ್ಟ ಹೆಸರು ಸೀತಾರಾಮ ಶರ್ಮ. ಮನೆಯಲ್ಲಿ ಬಡತನವಿತ್ತು. ಹೊಟ್ಟೆಪಾಡಿಗಾಗಿ ಸಣ್ಣಪುಟ್ಟ ಕೆಲಸಗಳನ್ನೂ ಮಾಡಿದರು. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ ಮುಂದೆ ಚಿತ್ರಸಾಹಿತಿಯಾಗಿ ಹೆಸರು ಮಾಡಿದರು. ತಮ್ಮನನ್ನು ಸಿನಿಮಾ ಬೇರೆ ದಾರಿಯಿಂದ ಕರೆಯಿತು.

ಆಗ ಕನ್ನಡ ಸಿನಿಮಾದ ಮನೆ ಇದ್ದದ್ದು ಮದರಾಸಿನಲ್ಲಿ. ಸ್ಟುಡಿಯೋ, ಲ್ಯಾಬ್, ತಂತ್ರಜ್ಞರು ಎಲ್ಲವೂ ಅಲ್ಲಿಯೇ. ಅಲ್ಲಿ ಬಿ.ಆರ್. ಪಂತುಲು ಅವರ ಬಳಿ ಪುಟ್ಟಣ್ಣ ಸಹಾಯಕರಾದರು. ಸ್ಕೂಲ್ ಮಾಸ್ಟರ್, ಕಿತ್ತೂರು ಚೆನ್ನಮ್ಮದಂಥ ಕನ್ನಡ ಚಿತ್ರಗಳನ್ನೂ, ವೀರಪಾಂಡಿಯ ಕಟ್ಟಬೊಮ್ಮನ್, ಕರ್ಣನ್‌ದಂಥ ತಮಿಳು ಚಿತ್ರಗಳನ್ನೂ ಕೊಟ್ಟವರು ಪಂತುಲು. ಪುಟ್ಟಣ್ಣನವರ ಪಾಲಿಗೆ ಅದೇ ಕಾಲೇಜು.

ಅವರು ಸ್ವತಂತ್ರ ನಿರ್ದೇಶಕರಾದದ್ದು ಕನ್ನಡದಲ್ಲಿ ಅಲ್ಲ, ಮಲಯಾಳಂನಲ್ಲಿ. 1964ರಲ್ಲಿ ಸ್ಕೂಲ್ ಮಾಸ್ಟರ್ ಚಿತ್ರದ ಮಲಯಾಳಂ ರೂಪವನ್ನು ನಿರ್ದೇಶಿಸಿದರು. ಆಮೇಲೆ ಇನ್ನೂ ಕೆಲವು ಮಲಯಾಳಂ ಚಿತ್ರಗಳು ಬಂದವು. ಹೀಗೆ ನೆರೆಭಾಷೆಯಲ್ಲಿ ಕೈ ಪಳಗಿಸಿಕೊಂಡು 1967ರಲ್ಲಿ ಕನ್ನಡಕ್ಕೆ ಬಂದಾಗ ಅವರ ಕೈಯಲ್ಲಿದ್ದದ್ದು ತ್ರಿವೇಣಿ ಅವರ ಕಾದಂಬರಿ ಬೆಳ್ಳಿಮೋಡ.

ಬೇಡ ಎಂದ ಹುಡುಗಿ

ಬೆಳ್ಳಿಮೋಡದ ಇಂದಿರಾ ಶ್ರೀಮಂತ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ದುಡ್ಡಿನಲ್ಲೇ ವಿದೇಶಕ್ಕೆ ಹೋಗಿ ಓದುತ್ತಾನೆ. ಅಷ್ಟರಲ್ಲಿ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ಆಸ್ತಿ ಕೈತಪ್ಪಿತು ಎಂದು ಗೊತ್ತಾದ ಕೂಡಲೇ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಆರೈಕೆ ಮಾಡುವವಳು ಅವಳೇ. ಮನಸ್ಸು ಬದಲಾಗಿ ಅವನು ಮದುವೆಗೆ ಕೇಳುತ್ತಾನೆ. ಅವಳು ಒಪ್ಪುವುದಿಲ್ಲ.

ಸಿನಿಮಾದ ಕೊನೆಗೆ ನಾಯಕ ನಾಯಕಿ ಒಂದಾಗಲೇಬೇಕು ಎಂದು ಕಾದು ಕೂತಿದ್ದ ಪ್ರೇಕ್ಷಕರಿಗೆ ಇದು ಹೊಸದು. ಇಂದಿರಾ ಪಾತ್ರದಲ್ಲಿ ಕಲ್ಪನಾ, ಮೋಹನನಾಗಿ ಕಲ್ಯಾಣ್ ಕುಮಾರ್, ವಿಜಯಭಾಸ್ಕರ್ ಸಂಗೀತ, ತೆರೆಯ ತುಂಬ ಮಲೆನಾಡು. ದ.ರಾ. ಬೇಂದ್ರೆ ಅವರ ಕವಿತೆಯೂ ಚಿತ್ರದ ಹಾಡಾಯಿತು. ಓದುವ ಕನ್ನಡ ಮತ್ತು ನೋಡುವ ಕನ್ನಡ ಒಂದೇ ಪರದೆಯ ಮೇಲೆ ಸೇರಿದವು. ಇದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲೇ, 35 ತುಂಬುವ ಮೊದಲೇ ಅವರು ತೀರಿಕೊಂಡಿದ್ದರು.

ಬೆಳ್ಳಿಮೋಡ ಪುಟ್ಟಣ್ಣನವರಿಗೆ ಒಂದು ದಾರಿ ತೋರಿಸಿತು. ಹೆಣ್ಣುಮಕ್ಕಳು ಬರೆದ, ಹೆಣ್ಣುಮಕ್ಕಳು ಮನೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದ ಕಾದಂಬರಿಗಳಲ್ಲಿ ಸಿನಿಮಾ ಇದೆ ಎಂಬುದು ಅವರಿಗೆ ಮನದಟ್ಟಾಯಿತು. 1968ರಲ್ಲಿ ತಮಿಳು, ತೆಲುಗಿನಲ್ಲೂ ಅವರ ಚಿತ್ರಗಳು ಬಂದವು. ಮರುವರ್ಷವೇ 1969.

ಆ ಒಂದು ವರ್ಷ

ಆ ವರ್ಷ ಕನ್ನಡದಲ್ಲಿ ಒಳ್ಳೆಯ ಬೆಳೆ. ಎನ್. ಲಕ್ಷ್ಮೀನಾರಾಯಣ್ ಅವರ ಉಯ್ಯಾಲೆ ಬಂತು, ಅದು ಚದುರಂಗರ ಕಾದಂಬರಿ. ಸಿದ್ದಲಿಂಗಯ್ಯ ಮೇಯರ್ ಮುತ್ತಣ್ಣ ಮೂಲಕ ನಿರ್ದೇಶಕರಾದರು. ಇವುಗಳ ನಡುವೆ ಪುಟ್ಟಣ್ಣನವರದೇ ಮೂರು ಚಿತ್ರಗಳು.

ಮೊದಲನೆಯದು ಮಲ್ಲಮ್ಮನ ಪವಾಡ. ಬಿ. ಪುಟ್ಟಸ್ವಾಮಯ್ಯನವರ ಅರ್ಧಾಂಗಿ ಕಾದಂಬರಿ ಇದರ ಮೂಲ. ಮಲತಾಯಿಯ ಕಪಟ ಅರಿಯದ ಮುಗ್ಧ ಗಂಡನಾಗಿ ರಾಜ್‌ಕುಮಾರ್, ಅವನನ್ನು ಕಾಪಾಡುವ ಹೆಂಡತಿಯಾಗಿ ಬಿ. ಸರೋಜಾದೇವಿ. ಎಲ್ಲೋ ನೋಡಿದ ಕಥೆ ಅನ್ನಿಸುತ್ತಿದೆಯೇ? ಹೌದು, ಇದೇ ಕಥೆ ಮುಂದೆ ತಮಿಳಿನ ಎಂಗ ಚಿನ್ನ ರಾಸಾ ಆಗಿ, ಅಲ್ಲಿಂದ 1992ರಲ್ಲಿ ಅನಿಲ್ ಕಪೂರ್ ಮತ್ತು ಮಾಧುರಿ ದೀಕ್ಷಿತ್ ನಟನೆಯ ಹಿಂದಿಯ ಬೇಟಾ ಆಯಿತು. ಮರುವರ್ಷ ಅಣ್ಣಯ್ಯ ಎಂಬ ಹೆಸರಿನಲ್ಲಿ ಮತ್ತೆ ಕನ್ನಡಕ್ಕೇ ಮರಳಿತು.

ಎರಡನೆಯದು ಕಪ್ಪು ಬಿಳುಪು. ತ್ರಿವೇಣಿ ಅವರ ತಂಗಿ ಆರ್ಯಾಂಬ ಪಟ್ಟಾಭಿ ಅವರ ಕಾದಂಬರಿ, ದ್ವಿಪಾತ್ರದಲ್ಲಿ ಕಲ್ಪನಾ. ಇದನ್ನು ಪುಟ್ಟಣ್ಣನವರೇ ತೆಲುಗಿನಲ್ಲಿ ಇದ್ದರು ಅಮ್ಮಾಯಿಲು ಎಂದೂ, ತಮಿಳಿನಲ್ಲಿ ಇರುಳುಂ ಒಳಿಯುಂ ಎಂದೂ ಮಾಡಿದರು.

ಮೂರನೆಯದೇ ಗೆಜ್ಜೆಪೂಜೆ.

ಚಂದ್ರಾಳ ತಪ್ಪೇನು?

ಕಾದಂಬರಿ ಬರೆದವರು ಎಂ.ಕೆ. ಇಂದಿರಾ. ಮಲೆನಾಡಿನ ಈ ಗೃಹಿಣಿ ಬರೆಯಲು ಕೂತದ್ದೇ ನಡುವಯಸ್ಸಿನಲ್ಲಿ. ಅವರ ಮೊದಲ ಕಾದಂಬರಿ ತುಂಗಭದ್ರಾ ಪ್ರಕಟವಾದಾಗ ವಯಸ್ಸು 45 ದಾಟಿತ್ತು.

ಗೆಜ್ಜೆಪೂಜೆ ಎಂದರೆ ವೇಶ್ಯಾವೃತ್ತಿ ಕುಲಕಸುಬಾಗಿದ್ದ ಮನೆಗಳಲ್ಲಿ ಹುಡುಗಿಯನ್ನು ಅಧಿಕೃತವಾಗಿ ಆ ಕಸುಬಿಗೆ ಸೇರಿಸುತ್ತಿದ್ದ ಶಾಸ್ತ್ರ. ಅಂಥ ಮನೆಯಲ್ಲಿ ಹುಟ್ಟಿದ ಚಂದ್ರಾ ಓದಲು ಇಷ್ಟಪಡುವ, ಎಲ್ಲರಂತೆ ಮದುವೆಯಾಗಿ ಬಾಳಬೇಕು ಎಂದು ಆಸೆಪಡುವ ಹುಡುಗಿ. ಅವಳಿಗೆ ಒಬ್ಬ ಹುಡುಗ ಇಷ್ಟವಾಗುತ್ತಾನೆ, ಅವನಿಗೂ ಅವಳು ಇಷ್ಟ. ಆದರೆ ಊರು ಅವಳನ್ನು ನೋಡುವುದು ಅವಳ ಗುಣದಿಂದಲ್ಲ, ಅವಳು ಹುಟ್ಟಿದ ಮನೆಯಿಂದ. ಅಪ್ಪ ಯಾರು ಎಂಬ ಒಂದೇ ಪ್ರಶ್ನೆಗೆ ಅವಳ ಬದುಕು ಸಿಕ್ಕಿಕೊಳ್ಳುತ್ತದೆ. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಕಥೆ ಮುಗಿಯುವುದು ಅವಳ ಸಾವಿನಲ್ಲಿ.

ಚಂದ್ರಾ ಆಗಿ ಕಲ್ಪನಾ, ತಾಯಿಯಾಗಿ ಲೀಲಾವತಿ, ನಾಯಕನಾಗಿ ಗಂಗಾಧರ್. ಪಂಢರಿಬಾಯಿ, ಕೆ.ಎಸ್. ಅಶ್ವಥ್ ಜೊತೆಗಿದ್ದರು. ಆರತಿ ಎಂಬ ಹೊಸ ಹುಡುಗಿ ತೆರೆಗೆ ಬಂದದ್ದೂ ಇದೇ ಚಿತ್ರದಲ್ಲಿ. ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿಯೂ ಗೆಜ್ಜೆಪೂಜೆಯ ಪಾಲಾಯಿತು.

ಈ ಕಥೆಯೂ ಗಡಿ ದಾಟಿತು. ತೆಲುಗಿನಲ್ಲಿ 1971ರ ಕಲ್ಯಾಣ ಮಂಟಪಂ. ಹಿಂದಿಯಲ್ಲಿ 1981ರ ಆಹಿಸ್ತಾ ಆಹಿಸ್ತಾ. ಖಯ್ಯಾಂ ಸಂಗೀತದ ಆ ಹಿಂದಿ ಚಿತ್ರದ ಹಾಡುಗಳನ್ನು ಗುನುಗುವ ಎಷ್ಟೋ ಮಂದಿಗೆ ಅದರ ಬೇರು ಮಲೆನಾಡಿನ ಒಬ್ಬ ಗೃಹಿಣಿಯ ಕಾದಂಬರಿಯಲ್ಲಿದೆ ಎಂಬುದು ಗೊತ್ತಿರಲಿಕ್ಕಿಲ್ಲ.

ಅತ್ತ ಕಲೆ, ಇತ್ತ ಗಲ್ಲಾಪೆಟ್ಟಿಗೆ

1969 ಭಾರತೀಯ ಸಿನಿಮಾ ಎರಡಾಗಿ ಸೀಳಿದ ವರ್ಷ ಎನ್ನಬಹುದು. ಒಂದು ಕಡೆ ಆರಾಧನಾ, ಇನ್ನೊಂದು ಕಡೆ ಸರ್ಕಾರಿ ಸಾಲದಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿದ ಭುವನ್ ಶೋಮ್. ಕನ್ನಡದಲ್ಲೂ ಮರುವರ್ಷವೇ ಸಂಸ್ಕಾರ ಬಂದು ಹೊಸ ಅಲೆ ಎದ್ದಿತು. ಪುಟ್ಟಣ್ಣ ಈ ಎರಡೂ ಬಣಕ್ಕೆ ಸೇರಲಿಲ್ಲ. ಅವರ ಚಿತ್ರಗಳಲ್ಲಿ ಹಾಡಿತ್ತು, ಕಣ್ಣೀರಿತ್ತು, ಸ್ಟಾರ್‌ಗಳಿದ್ದರು. ಜೊತೆಗೆ ಊಟದ ಮನೆಯಲ್ಲಿ ಯಾರೂ ಎತ್ತದ ವಿಷಯವೂ ಇತ್ತು. ಟಿಕೆಟ್ ಕೊಂಡು ಬಂದ ಕುಟುಂಬಗಳ ಎದುರಿಗೇ ಆ ವಿಷಯ ಇಟ್ಟರು. ನಾಯಕನ ಹೆಸರು ನೋಡಿ ಸಿನಿಮಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಿರ್ದೇಶಕನ ಹೆಸರು ನೋಡಿ ಹೋಗುವ ಅಭ್ಯಾಸವನ್ನು ಕನ್ನಡಿಗರಿಗೆ ಕಲಿಸಿದವರು ಅವರು.

ನಂತರದ ವರ್ಷಗಳು ನಿಮಗೆ ಗೊತ್ತೇ ಇವೆ. 1971ರಲ್ಲಿ ಮತ್ತೆ ತ್ರಿವೇಣಿ ಕಾದಂಬರಿ ಆಧರಿಸಿದ ಶರಪಂಜರ. ಅದೇ ವರ್ಷ ರಾಜ್‌ಕುಮಾರ್ ಜೊತೆ ಸಾಕ್ಷಾತ್ಕಾರ, ಅದರಲ್ಲಿ ಪೃಥ್ವಿರಾಜ್ ಕಪೂರ್ ಕೂಡ ನಟಿಸಿದ್ದರು. 1972ರಲ್ಲಿ ತ.ರಾ.ಸು. ಕಾದಂಬರಿಗಳಿಂದ ನಾಗರಹಾವು. ವಿಷ್ಣುವರ್ಧನ್ ಮತ್ತು ಅಂಬರೀಶ್ ಇಬ್ಬರನ್ನೂ ಕೊಟ್ಟ ಚಿತ್ರ. ಅದನ್ನು ಹಿಂದಿಯಲ್ಲಿ ರಿಷಿ ಕಪೂರ್ ಜೊತೆ ಜಹರೀಲಾ ಇನ್ಸಾನ್ ಎಂದು ಮಾಡಿದವರೂ ಪುಟ್ಟಣ್ಣನವರೇ. ಆಮೇಲೆ ಎಡಕಲ್ಲು ಗುಡ್ಡದ ಮೇಲೆ, ಶುಭಮಂಗಳ, ರಜನೀಕಾಂತ್ ನಟಿಸಿದ ಕಥಾಸಂಗಮ, ಮುಂದೆ ಹಿಂದಿಯಲ್ಲಿ ಹಮ್ ಪಾಂಚ್ ಆದ ಪಡುವಾರಳ್ಳಿ ಪಾಂಡವರು. ತಮಿಳಿನ ಭಾರತಿರಾಜಾ ಸಿನಿಮಾ ಕಲಿತದ್ದು ಇವರ ಬಳಿ ಸಹಾಯಕರಾಗಿ.

ಅಳಿಸಿದ್ದು ಸಾಕೇ?

ಇಷ್ಟು ಹೊಗಳಿದ ಮೇಲೆ ಒಂದು ಮಾತು ಕೇಳಲೇಬೇಕು. ಪುಟ್ಟಣ್ಣನವರ ನಾಯಕಿಯರಿಗೆ ಯಾಕೆ ಹೀಗಾಗುತ್ತದೆ? ಚಂದ್ರಾ ಸಾಯುತ್ತಾಳೆ. ಶರಪಂಜರದ ಕಾವೇರಿ ಹುಚ್ಚಿಯಾಗುತ್ತಾಳೆ. ರೂಢಿ ಮೀರಲು ಹೊರಟ ಹೆಣ್ಣಿಗೆ ಕೊನೆಗೆ ಶಿಕ್ಷೆಯೇ ಗತಿ ಎಂದು ಇವು ಹೇಳುತ್ತವೆಯೇ? ಇಂದು ನೋಡುವ ಹುಡುಗಿಯರಿಗೆ ಈ ಸಿಟ್ಟು ಬರುವುದು ಸಹಜ. ನನಗೂ ಬಂದಿದೆ.

ಆದರೆ ಬೆಳ್ಳಿಮೋಡದ ಇಂದಿರಾಳನ್ನು ಪಕ್ಕದಲ್ಲಿಟ್ಟು ನೋಡಿ. ಅವಳಿಗೆ ಬೇಡ ಎನ್ನುವ ಶಕ್ತಿ ಇತ್ತು, ಯಾಕೆಂದರೆ ಅವಳ ಹಿಂದೆ ಒಂದು ಮನೆ, ಒಂದು ಹೆಸರು, ಪ್ರೀತಿಸುವ ಅಪ್ಪ ಇದ್ದರು. ಚಂದ್ರಾಳಿಗೆ ಇವು ಮೂರೂ ಇಲ್ಲ. ಒಬ್ಬಳೇ ನಟಿ, ಒಬ್ಬರೇ ನಿರ್ದೇಶಕರು, ಎರಡೇ ವರ್ಷದ ಅಂತರ. ಒಬ್ಬಳು ಉಳಿದಳು, ಇನ್ನೊಬ್ಬಳು ಉಳಿಯಲಿಲ್ಲ. ವ್ಯತ್ಯಾಸ ಧೈರ್ಯದ್ದಲ್ಲ, ಹುಟ್ಟಿನದ್ದು. ಅದನ್ನು ಪುಟ್ಟಣ್ಣ ಮುಚ್ಚಿಡಲಿಲ್ಲ. ಚಂದ್ರಾಳಿಗೆ ಸುಖಾಂತ ಕೊಟ್ಟಿದ್ದರೆ ಪ್ರೇಕ್ಷಕರು ನೆಮ್ಮದಿಯಿಂದ ಮನೆಗೆ ಹೋಗಿ ಮಲಗುತ್ತಿದ್ದರು.

ಇದು ಬರೀ ಕಥೆಯ ಮಾತೂ ಅಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ತಡೆಯಲು ಕರ್ನಾಟಕ ಸರ್ಕಾರ ಕಾನೂನು ಮಾಡಿದ್ದು 1982ರಲ್ಲಿ, ಗೆಜ್ಜೆಪೂಜೆ ಬಂದು 13 ವರ್ಷಗಳ ಮೇಲೆ. ಕಾನೂನು ಬಂದರೂ ಅಪ್ಪ ಯಾರು ಎಂಬ ಪ್ರಶ್ನೆ ಶಾಲೆಯ ದಾಖಲಾತಿಯಲ್ಲೂ ಮದುವೆಯ ಮಾತುಕತೆಯಲ್ಲೂ ಕೇಳುವುದು ನಿಂತಿಲ್ಲ.

ಮುಗಿಯದ ಕೊನೆಯ ಚಿತ್ರ

ಶರಪಂಜರದ ನಂತರ ಕಲ್ಪನಾ ಮತ್ತು ಪುಟ್ಟಣ್ಣ ಜೊತೆಯಾಗಿ ಸಿನಿಮಾ ಮಾಡಲಿಲ್ಲ. 1979ರಲ್ಲಿ ಕಲ್ಪನಾ 35ನೇ ವಯಸ್ಸಿನಲ್ಲೇ ತೀರಿಕೊಂಡರು. ಗೆಜ್ಜೆಪೂಜೆಯಲ್ಲಿ ಸಣ್ಣ ಹುಡುಗಿಯಾಗಿ ಬಂದಿದ್ದ ಆರತಿ ಮುಂದೆ ಪುಟ್ಟಣ್ಣನವರ ಹಲವು ಚಿತ್ರಗಳ ನಾಯಕಿಯಾದರು. 1981ರ ರಂಗನಾಯಕಿ ಅವುಗಳಲ್ಲಿ ಮೇಲು. ನಂತರ ಮಾನಸ ಸರೋವರ, ಅಮೃತ ಘಳಿಗೆ, ಋಣಮುಕ್ತಳು ಬಂದವು.

ಕೊನೆಗೆ ಅವರು ಕೈಗೆತ್ತಿಕೊಂಡದ್ದು ತ.ರಾ.ಸು. ಅವರ ಮಸಣದ ಹೂವು. ವಸ್ತು ಮತ್ತೆ ಅದೇ, ವೇಶ್ಯಾವಾಟಿಕೆಯ ಜಗತ್ತು ಮತ್ತು ಅಲ್ಲಿ ಸಿಕ್ಕಿಕೊಂಡ ಹೆಣ್ಣುಗಳು. ಜಯಂತಿ, ಅಂಬರೀಶ್ ಜೊತೆಗೆ ಅಪರ್ಣಾ ಎಂಬ ಹೊಸ ಹುಡುಗಿ. ಮುಂದೆ ನಿರೂಪಕಿಯಾಗಿ ಕನ್ನಡಿಗರ ಮನೆಮಾತಾದ ಅದೇ ಅಪರ್ಣಾ. ಚಿತ್ರ ಮುಗಿಯುವ ಮೊದಲೇ, 1985ರ ಜೂನ್ 5ರಂದು ಬೆಂಗಳೂರಿನಲ್ಲಿ ಪುಟ್ಟಣ್ಣ ತೀರಿಕೊಂಡರು. ವಯಸ್ಸು ಕೇವಲ 51. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿ ತೆರೆಗೆ ತಂದರು.

ಒಮ್ಮೆ ಯೋಚಿಸಿ. 1969ರಲ್ಲಿ ಚಂದ್ರಾಳ ಕಥೆ ಹೇಳಿ ದೇಶದ ಪ್ರಶಸ್ತಿ ಪಡೆದವರು 16 ವರ್ಷಗಳ ನಂತರ, ಗೆಲುವು ಸೋಲು ಎರಡನ್ನೂ ಉಂಡ ಮೇಲೆ, ಮತ್ತೆ ಅದೇ ಬೀದಿಗೆ ವಾಪಸ್ ಬಂದಿದ್ದರು. ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ನಮ್ಮನ್ನೂ ಬಿಟ್ಟಿಲ್ಲ.

ಇಂದು ಕರ್ನಾಟಕ ಸರ್ಕಾರ ನಿರ್ದೇಶಕರಿಗೆ ಕೊಡುವ ಜೀವಮಾನ ಸಾಧನೆಯ ಪ್ರಶಸ್ತಿ ಪುಟ್ಟಣ್ಣನವರ ಹೆಸರಿನಲ್ಲೇ ಇದೆ. ಅವರನ್ನು ನೆನೆಯಲು ಇನ್ನೂ ಸುಲಭದ ದಾರಿಯೊಂದಿದೆ. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ಈ ಭಾನುವಾರ ಎರಡೂವರೆ ಗಂಟೆ ಬಿಡುವು ಮಾಡಿಕೊಂಡು ಗೆಜ್ಜೆಪೂಜೆ ನೋಡಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿನಿಮಾ ಮುಗಿದ ಮೇಲೆ ಚಂದ್ರಾ ಮಾಡಿದ ತಪ್ಪೇನು ಎಂದು ಅವರನ್ನು ಕೇಳಿ ನೋಡಿ.